ಸಜ್ಜನನಿಗೂ ಒಂದು ಷರತ್ತೇ?

ಯೆಹೂದ್ಯನಲ್ಲದ ಸಜ್ಜನನಿಗೂ ಪರಲೋಕದಲ್ಲಿ ಪಾಲುಂಟು ಎಂದ ಪ್ರಾಚೀನ ಪಂಡಿತ ರಬ್ಬಿ ಯೆಹೋಶುವರಿಗೆ ನಾನು ತಲೆಬಾಗುತ್ತೇನೆ. ಅವನು ಮತಾಂತರವಾಗಬೇಕಿಲ್ಲ, ಕೊಲ್ಲದೆ, ಕದಿಯದೆ, ನ್ಯಾಯಪೀಠ ಕಟ್ಟಿಕೊಂಡು, ನೋಹನ ಸಂತತಿಗೆ ವಿಧಿಸಿದ 7 ಕಟ್ಟಳೆ ಪಾಲಿಸಿದರಾಯಿತು. ಈ ಎದೆಗಾರಿಕೆ ಎಷ್ಟು ಮತಗಳಿಗಿದೆ?

ಆದರೆ 12ನೆಯ ಶತಮಾನದ ಮೈಮೋನಿಡಿಸ್ ತೆರೆದ ಬಾಗಿಲಿಗೆ ಚಿಲಕ ಇಟ್ಟರು. ಮೋಶೆಯ ಮೂಲಕ ದೇವರೇ ವಿಧಿಸಿದನೆಂದು ಒಪ್ಪಿ ನಡೆದವನಿಗಷ್ಟೇ ಪಾಲು. ಸ್ವಂತ ವಿವೇಕದಿಂದ ನಡೆದವನು ಆ ಪಂಕ್ತಿಗಿಲ್ಲ. ಅಚ್ಚಾದ ಪ್ರತಿಗಳ ಪ್ರಕಾರ ಅವನು ಜ್ಞಾನಿಯೂ ಅಲ್ಲ. ಹಸ್ತಪ್ರತಿಗಳಲ್ಲಿ ಜ್ಞಾನಿ ಹೌದು. ಅಂತರ ಒಂದೇ ಅಕ್ಷರ!

1773ರಲ್ಲಿ ಮೋಸೆಸ್ ಮೆಂಡೆಲ್ಸನ್ ರಬ್ಬಿ ಎಮ್ಡೆನ್‌ಗೆ ಕಾಗದ ಬರೆದು ಈ ಷರತ್ತನ್ನು ಪ್ರಶ್ನಿಸಿದರು. ಎಮ್ಡೆನ್ ಒಪ್ಪಲಿಲ್ಲ. ನಾನು ಮೆಂಡೆಲ್ಸನ್ ಪಕ್ಷ. ಮೋಶೆಯ ಹೆಸರನ್ನೇ ಕೇಳದವನು ಕದಿಯದೆ ಬದುಕಿದರೆ, ಅವನ ಕೈ ಶುದ್ಧವಲ್ಲವೇ?