ಐದು ನಿಮಿಷ ತಡವಾದ್ರೆ ಐವತ್ತು ಬಸ್ಕಿ... ಬರದೇ ಇದ್ರೆ?

ಅಲ್ಲಾ ಸ್ವಾಮೀ, ಬೆಳಗಿನ ಜಾವ ಐದೂವರೆಗೆ ಬರ್ತೀನಿ ಅಂದ ಮನುಷ್ಯ ಐದೂವರೆಗೆ ಬರಬೇಕೋ ಬೇಡವೋ? ಇಷ್ಟು ಕೇಳಿದ್ದಕ್ಕೆ ನಾನು ಜಗಳಗಂಟ ಅನ್ನಿಸಿಕೊಂಡಿದ್ದೀನಿ. ಇರಲಿ, ನಡೆದದ್ದು ಹೇಳ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

ನಮ್ಮದು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ. ನನ್ನ ತಮ್ಮನೂ ಸೇರಿ ನಾಲ್ಕು ಹುಡುಗರು, ಒಬ್ಬ ಹುಡುಗಿ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕು ಅಂತ ಹಟಕ್ಕೆ ಬಿದ್ದಿದ್ದಾರೆ. ಗಂಡು ಮಕ್ಕಳು 1600 ಮೀಟರ್‌ನ 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು, ಹೆಣ್ಣು ಮಕ್ಕಳು 400 ಮೀಟರ್‌ನ 2 ನಿಮಿಷದಲ್ಲಿ. ಅದಕ್ಕೆ ಒಬ್ಬ ಟ್ರೈನರ್‌ನ ಗೊತ್ತು ಮಾಡಿದೆವು. ತಲೆಗೆ 1500 ರೂಪಾಯಿ, ಐದು ಜನಕ್ಕೆ 7500, ಭಾನುವಾರ ರಜೆ. ದುಡ್ಡು ಮೊದಲೇ ಕೊಡಬೇಕು. ಕೊಟ್ಟೆವು.

ಮೊದಲ ವಾರ ಏನು ಶಿಸ್ತು ಅಂತೀರಿ! ಐದು ನಿಮಿಷ ತಡವಾಗಿ ಬಂದ ಹುಡುಗನಿಗೆ ಐವತ್ತು ಬಸ್ಕಿ. "ಟೈಮ್ ಇಲ್ಲದವನಿಗೆ ಖಾಕಿ ಇಲ್ಲ" ಅಂತ ಭಾಷಣ. ಎರಡನೇ ವಾರದಿಂದ ಸಾಹೇಬರೇ ನಾಪತ್ತೆ. ಫೋನ್ ಮಾಡಿದ್ರೆ "ಚಳ್ಳಕೆರೆ ಬಿಟ್ಟೆ, ದಾರೀಲಿದ್ದೀನಿ" ಅನ್ನೋ ಉತ್ತರ. ಹಿಂದೆ ಕುಕ್ಕರ್ ಸೀಟಿ ಹೊಡೆಯೋದು ಕೇಳಿಸ್ತಿರುತ್ತೆ! ದಾರೀಲಿ ಯಾರಪ್ಪಾ ಅನ್ನ ಮಾಡೋರು? :-) ತಿಂಗಳ ಕೊನೆಗೆ ತಮ್ಮನ ಡೈರಿ ನೋಡಿದೆ. 26 ದಿನದಲ್ಲಿ ಬಂದದ್ದು 11 ದಿನ. ಬಾಕಿ 15 ದಿನಕ್ಕೆ ಒಂದು ಮೆಸೇಜೂ ಇಲ್ಲ.

"ಪಾಪ, ಅವರೂ ಮನುಷ್ಯರೇ, ಕಷ್ಟ ಸುಖ ಇರುತ್ತೆ" ಅಂದರು ಊರ ಹಿರಿಯರು. ಒಪ್ಪಿದೆ. ಜ್ವರ ಬರಬಹುದು, ಗಾಡಿ ಪಂಕ್ಚರ್ ಆಗಬಹುದು. ಆದರೆ ಜ್ವರ ಬಂದವನು ಹಿಂದಿನ ರಾತ್ರಿ ಒಂದು ಫೋನ್ ಮಾಡಬಹುದಲ್ಲವೇ? ಅಸಲಿ ವಿಷಯ ಬೇರೆ ಇದೆ. ಎಲ್ಲರಿಗೂ ಬೇಕಾಗಿರೋದು ಬೆಳಗಿನ ಅದೇ ಐದೂವರೆ-ಏಳೂವರೆ. ಅದೇ ಎರಡು ಗಂಟೆಯನ್ನ ನಮಗೂ ಮಾರಿ, ಇನ್ನೆರಡು ಕಡೆಗೂ ಮಾರಿದ್ದರು. ಒಂದೇ ಬಸ್ ಸೀಟಿಗೆ ಮೂರು ಟಿಕೆಟ್ ಹರಿದ ಹಾಗೆ. ಇದಕ್ಕೆ ಮರೆವು ಅನ್ನೋಣವೋ, ವ್ಯಾಪಾರ ಅನ್ನೋಣವೋ?

ನಷ್ಟ ಬರೀ ದುಡ್ಡಿಂದಲ್ಲ. ಓಟದ ತರಬೇತಿ ಅಂದ್ರೆ ದಿನಾ ಉಸಿರು ಬಿಟ್ಟು ಓಡೋದಲ್ಲ. ಒಂದು ದಿನ ನಿಧಾನದ ಉದ್ದ ಓಟ, ಒಂದು ದಿನ ವೇಗದ 400 ಮೀಟರ್ ಸುತ್ತುಗಳು, ಮಧ್ಯೆ ವಿಶ್ರಾಂತಿ. ಇದನ್ನ ಅಳೆದು ಹೇಳೋಕೇ ಅಲ್ವಾ ಟ್ರೈನರ್ ಬೇಕಾಗೋದು? ಅವರಿಲ್ಲದ ದಿನ ಹುಡುಗರು ತಮಗೆ ತೋಚಿದ ಹಾಗೆ ದಿನಾ ಜೋರಾಗಿ ಓಡಿದರು. ಒಬ್ಬನಿಗೆ ಮೊಣಕಾಲ ಕೆಳಗಿನ ಮೂಳೆ ನೋವು ಹಿಡಿದು ಹತ್ತು ದಿನ ಕೂತ.

ಆ ಹುಡುಗಿಯ ಕಥೆ ಇನ್ನೂ ಕಷ್ಟ. ಹಿಂದೆ ಓಡೋಕೆ ಉಳ್ಳಾರ್ತಿ ಕಾವಲಿನ ಬಯಲಿತ್ತು. ಅಮೃತಮಹಲ್ ಕಾವಲುಗಳು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಗಿ ಕಾಂಪೌಂಡ್ ಎದ್ದ ಮೇಲೆ ನಮ್ಮ ಮಕ್ಕಳ ಓಟ ರಸ್ತೆ ಅಂಚಿಗೆ ಬಂತು. ಕತ್ತಲಲ್ಲಿ ರಸ್ತೆಗೆ ಹೋಗೋ ಮಗಳಿಗೆ ಮನೆಯವರು ಒಪ್ಪಿದ್ದೇ "ಸರ್ ಇರ್ತಾರೆ" ಅನ್ನೋ ಮಾತಿನ ಮೇಲೆ. ಮೂರು ದಿನ ಸರ್ ಬರಲಿಲ್ಲ, ನಾಲ್ಕನೇ ದಿನ ಅವರಮ್ಮ "ಸಾಕು ಮಲಗು" ಅಂದರು. ಟ್ರೈನರ್‌ಗೆ ಅದು ಒಂದು ರಜೆ. ಅವಳಿಗೆ ಹೊಸಿಲು ದಾಟೋ ಅನುಮತಿಯೇ ಹೋಯ್ತು!

ನಮ್ಮ ತಪ್ಪೂ ಇದೆ. 'ಗುರುಗಳನ್ನ ಕೇಳೋದು ಹೇಗೆ' ಅಂತ ಸುಮ್ಮನಿದ್ದೆವು. ಗರಡಿ ಮನೆಯ ಉಸ್ತಾದ್ ಊರವನೇ ಆಗಿರ್ತಿದ್ದ, ಬರದಿದ್ರೆ ಹೋಗಿ ಕದ ತಟ್ಟಬಹುದಿತ್ತು. ಇವರು ದುಡ್ಡು ಕೇಳುವಾಗ ವ್ಯಾಪಾರಿ, ಲೆಕ್ಕ ಕೇಳಿದಾಗ ಗುರು! ಎರಡೂ ಒಟ್ಟಿಗೆ ನಡೆಯಲ್ಲ. ವೈದ್ಯರಿಗೆ, ವಕೀಲರಿಗೆ ಇರೋ ನೋಂದಣಿ ಈ ಟ್ರೈನರ್‌ಗಳಿಗಿಲ್ಲ. ಹಾಗಾಗಿ ಲೆಕ್ಕ ಇಡಬೇಕಾದವರು ನಾವೇ.

ಆದ್ದರಿಂದ ಇಷ್ಟು ಮಾಡಿ. ತಿಂಗಳ ದುಡ್ಡು ಮುಂಗಡ ಕೊಡಬೇಡಿ, ವಾರದ ಕೊನೆಗೆ ಬಂದ ದಿನಕ್ಕೆ ಮಾತ್ರ ಕೊಡಿ. ಬರಲ್ಲ ಅಂದ್ರೆ ಹಿಂದಿನ ರಾತ್ರಿ ಎಂಟರೊಳಗೆ ತಿಳಿಸಬೇಕು ಅಂತ ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಫೋನ್‌ಪೇ ಮಾಡಿ, ಕೈಗೆ ನಗದು ಬೇಡ. ದುಡ್ಡು ಪಡೆದು ಕೆಲಸ ಮಾಡದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಅದಕ್ಕೆ 'ಸೇವಾ ನ್ಯೂನತೆ' ಅಂತ ಹೆಸರಿದೆ. ಸಹಾಯವಾಣಿ 1915. ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ನಾನು ಹಾಗೇ ಲೆಕ್ಕ ಹಾಕಿ 15 ದಿನದ ಬಾಬ್ತು ಹೆಚ್ಚೂ ಕಡಿಮೆ 4300 ರೂಪಾಯಿ ವಾಪಸ್ ಕೇಳಿದೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಮೆಸೇಜ್ ಬಂತು. ಆ ಮೆಸೇಜ್ ಮಾತ್ರ ಸರಿಯಾದ ಟೈಮಿಗೆ ಬಂತು ನೋಡಿ! ದುಡ್ಡು ಇನ್ನೂ ಬಂದಿಲ್ಲ, ಬಿಡೋದೂ ಇಲ್ಲ.

ಈಗ ಹುಡುಗರು ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ತಾವೇ ಓಡ್ತಿದ್ದಾರೆ. ಹುಡುಗಿಯೂ ವಾಪಸ್ ಬಂದಿದ್ದಾಳೆ, ಅವರಮ್ಮನೇ ಟಾರ್ಚ್ ಹಿಡಿದು ಮೋರಿ ಕಟ್ಟೆ ಮೇಲೆ ಕೂರ್ತಾರೆ. ಆಯಮ್ಮ ಇವತ್ತಿನವರೆಗೂ ಒಂದು ದಿನ ತಪ್ಪಿಸಿಲ್ಲ. ತಮ್ಮನ ಟೈಮ್ 7 ನಿಮಿಷ 10 ಸೆಕೆಂಡಿನಿಂದ 6 ನಿಮಿಷ 42ಕ್ಕೆ ಇಳಿದಿದೆ. ಇನ್ನು 12 ಸೆಕೆಂಡ್ ಬಾಕಿ.