ಎಣ್ಣೆಯ ಕೈ, ಓಡುವ ಕಾಲು



ಮುಂಜಾನೆ ಕೊತ್ತತ್ತಿಯ ರಸ್ತೆಯಲ್ಲಿ ವಾಯುಸೇವನೆಗೆ ಹೊರಟರೆ ಓಡುವ ಹುಡುಗರು ಎದುರಾಗುತ್ತಾರೆ. ಪೊಲೀಸ್ ಇಲಾಖೆ ಅಥವಾ ಸೈನ್ಯ ಸೇರುವುದು ಅವರ ಗುರಿ. ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಕ್ರಮಿಸಬೇಕು. ಸೇನೆಯಲ್ಲಿ 1.6 ಕಿ.ಮೀ. ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ಣ 60 ಅಂಕ. ಒಂದೆರಡು ಎಕರೆ ಕಬ್ಬನ್ನೇ ನಂಬಿದ ಮನೆಗೆ ಆ ಸೆಕೆಂಡುಗಳ ಬೆಲೆಯೇನೆಂದು ನಿಮಗೆ ವಿವರಿಸಬೇಕಾಗಿಲ್ಲ.

ನನ್ನ ಹಳೆಯ ಶಿಷ್ಯರೊಬ್ಬರ ಮಗ, ಅಧಿಸೂಚನೆ ಹೊರಟೊಡನೆ ದಿನಕ್ಕೆರಡು ಹೊತ್ತು ಡಾಂಬರು ರಸ್ತೆಯಲ್ಲಿ ಓಡತೊಡಗಿದ. ಎರಡನೆಯ ವಾರಕ್ಕೆ ಮೊಣಕಾಲಿನ ಕೆಳಗೆ, ಮೂಳೆಯ ಒಳ ಅಂಚಿನುದ್ದಕ್ಕೂ ನೋವು. ನನ್ನೊಡನೆ ಹೇಳಿಕೊಂಡ. "ಹೊಸದರಲ್ಲಿ ಹಾಗೇ ಕಣಪ್ಪ, ಓಡ್ತಾ ಓಡ್ತಾ ಸರಿಹೋಗುತ್ತೆ" ಎಂದು ಬೆನ್ನು ತಟ್ಟಿ ಕಳುಹಿಸಿದವನು ನಾನೇ. ಮುಂದೆ ಯಾರೋ ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಮೂಳೆಯ ಮೇಲೆಯೇ ಬಲವಾಗಿ ಒತ್ತಿ ತಿಕ್ಕಿದರು. ಎರಡು ದಿನ ಹಗುರವೆನಿಸಿತು, ಮತ್ತೆ ಓಡಿದ. ಕಡೆಗೆ ನೋವು ಒಂದೇ ಜಾಗದಲ್ಲಿ ನಿಂತು, ರಾತ್ರಿಯೂ ನಿದ್ದೆಗೊಡಲಿಲ್ಲ. ಪರೀಕ್ಷಿಸಿದಾಗ ಮೂಳೆಯಲ್ಲಿ ಬಿರುಕು ಕಂಡಿತು. ಆ ಸಲದ ಪರೀಕ್ಷೆಗೆ ಅವನು ಹೋಗಲಾಗಲಿಲ್ಲ.

ಇದನ್ನು ಕೇಳಿ ಮಾಲೀಸಿನ ವಿದ್ಯೆಯನ್ನೇ ಹಳಿಯುವವರುಂಟು. ನಾನು ಅವರ ಪಕ್ಷದವನಲ್ಲ. ಗರಡಿಮನೆಯಲ್ಲಿ ಪೈಲ್ವಾನರು ಸಾಧನೆ ಮುಗಿಸಿ ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಇಂದಿನ ಫಿಸಿಯೋಥೆರಪಿ ತಜ್ಞರೂ ಮೀನಖಂಡದ ಬಿಗಿತವನ್ನು ಕೈಯಿಂದಲೇ ಸಡಿಲಿಸುತ್ತಾರೆ. ಕಾಲಿನ ಹರಡು ಸರಾಗವಾಗಿ ಆಡುವಂತೆ ಮಾಡುತ್ತಾರೆ. ಇದರಿಂದ ನೋವು ತಗ್ಗುವುದುಂಟು. ಆದರೆ ಆ ಶಮನ ತಾತ್ಕಾಲಿಕವಾದುದು.

ಕಾರಣವಿಷ್ಟೆ. ಹೊಸ ಶ್ರಮಕ್ಕೆ ಹೊಂದಿಕೊಳ್ಳಲು ದೇಹವು ಮೊದಲು ಹಳೆಯ ಮೂಳೆಯನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸುವ ಕೆಲಸ ವಾರಗಳಲ್ಲಿ ಮುಗಿಯುತ್ತದೆ. ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು. ಈ ನಡುವಿನ ಅವಧಿಯಲ್ಲಿ ಮೂಳೆ ದುರ್ಬಲವಾಗಿರುತ್ತದೆ. ಅದಕ್ಕೆ ಬೇಕಾದ ಕಾಲವನ್ನು ಯಾವ ಕೈಯೂ ಕೊಡಲಾರದು. ಮಾಲೀಸಿನಿಂದ ನೋವು ಮರೆತು ಮತ್ತೆ ಓಡುವುದೆಂದರೆ ದೇಹ ಕೊಟ್ಟ ಎಚ್ಚರಿಕೆಯನ್ನು ಅಡಗಿಸಿದಂತೆಯೇ ಸರಿ.

ಆದುದರಿಂದ ನನ್ನ ಅಭಿಪ್ರಾಯವಿದು: ಮೀನಖಂಡಕ್ಕೆ ಹಿತವಾಗಿ ಎಣ್ಣೆ ತಿಕ್ಕಿಸಿಕೊಳ್ಳಿ, ಮೂಳೆಯ ಮೇಲೆ ಒತ್ತಗೊಡಬೇಡಿ. ನೋವು ಮೂಳೆಯುದ್ದಕ್ಕೂ ಹರಡಿದ್ದರೆ ಓಟ ನಿಲ್ಲಿಸಿ, ನೋವಾಗದಷ್ಟು ಸೈಕಲ್ ತುಳಿಯಿರಿ. ಬೆರಳ ತುದಿಯಷ್ಟು ಜಾಗದಲ್ಲಿ, ನಡೆವಾಗಲೂ ಮಲಗಿದಾಗಲೂ ನೋವಿದ್ದರೆ ಯಾರ ಕೈಗೂ ಕಾಲು ಕೊಡದೆ ಮೂಳೆವೈದ್ಯರನ್ನು ಕಾಣಿರಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರುವುದುಂಟು. ಏನೂ ಇಲ್ಲವೆಂದು ಮತ್ತೆ ಓಡಬಾರದು. ಗುಣವಾದ ಮೇಲೆ ನಡಿಗೆಯಿಂದ ಆರಂಭಿಸಿ ದೂರವನ್ನು ಕ್ರಮೇಣ ಹೆಚ್ಚಿಸಬೇಕು.

ನಿಮ್ಮಲ್ಲಿ ಕೆಲವರು ಇಂದು ಪೊಲೀಸರಾಗಿದ್ದೀರಿ, ದೈಹಿಕ ಶಿಕ್ಷಕರಾಗಿದ್ದೀರಿ. ಅಧಿಸೂಚನೆಗಾಗಿ ಕಾಯದೆ ಆರು ತಿಂಗಳು ಮೊದಲೇ ಅಭ್ಯಾಸ ಆರಂಭಿಸುವಂತೆ ನಿಮ್ಮ ಊರಿನ ಮಕ್ಕಳಿಗೆ ಹೇಳಿರಿ. ನೋವೆಂದು ಬಂದವನ ಮಾತನ್ನು, ನನ್ನಂತೆ ಬೆನ್ನು ತಟ್ಟಿ ಕಳುಹಿಸದೆ, ಕುಳಿತು ಕೇಳಿರಿ.

ಆ ಹುಡುಗ ಈಗ ನಾಲೆಯ ಏರಿಯ ಮಣ್ಣುದಾರಿಯಲ್ಲಿ ಒಂದಿಷ್ಟು ನಡೆದು, ಒಂದಿಷ್ಟು ಓಡುತ್ತಾನೆ. ಎದುರಾದಾಗ ಕಾಲು ಹೇಗಿದೆ ಎಂದು ನಾನೇ ಮೊದಲು ವಿಚಾರಿಸುತ್ತೇನೆ.