ಪಟ್ಟಿ ಅಂಟಿಸದ ಉಗ್ರಾಣ

ಜಯನಗರಕ್ಕೆ ಮೊದಲ ಸಲ ಬಂದಿಳಿದ ನೆಂಟರು ಮನೆ ಹುಡುಕುವ ಬಗೆಯನ್ನು ಗಮನಿಸಬೇಕು. ಅವರ ಕೈಯಲ್ಲಿರುವ ಚೀಟಿಯಲ್ಲಿ ಬರೆದಿರುವುದು ಹೆಚ್ಚೇನೂ ಇಲ್ಲ; 4ನೆಯ ಬ್ಲಾಕು, 11ನೆಯ ಮೈನು, 33ನೆಯ ಕ್ರಾಸು. ಉದ್ದ ಬೀದಿಯನ್ನೂ ಅಡ್ಡ ಬೀದಿಯನ್ನೂ ಹಿಡಿದು, ಎರಡೂ ಕೂಡುವಲ್ಲಿ ನಿಂತರೆ ಮನೆ ಕಣ್ಣಿಗೆ ಬೀಳುತ್ತದೆ. ಬಡಾವಣೆಯನ್ನು ಕಾಣದವನು ಕೂಡ ಯಾರನ್ನೂ ಕೇಳದೆ ನಡೆದು ಹೋಗಬಲ್ಲ. ಇದೇ ನೆಂಟರು ಆ ಮನೆಯ ಉಗ್ರಾಣದೊಳಕ್ಕೆ ಹೋಗಿ ಜಾಯಿಕಾಯಿಯನ್ನು ಹುಡುಕಲು ಹೊರಟರೆ ಮಾತ್ರ ಕಷ್ಟ. ಅದು ಸಾಂಬಾರ ಪದಾರ್ಥಗಳ ಡಬ್ಬದಲ್ಲಿದೆಯೋ, ಹಬ್ಬದ ಸಾಮಾನಿನ ಜೊತೆಗಿದೆಯೋ, ಮಗುವಿನ ಔಷಧಿಯ ಪೆಟ್ಟಿಗೆಯಲ್ಲಿದೆಯೋ ಎಂಬುದನ್ನು ಮನೆಯ ಅಜ್ಜಿಯೊಬ್ಬರೇ ಬಲ್ಲರು. ಅಜ್ಜಿ ಊರಿಗೆ ಹೋದ ದಿನ ಜಾಯಿಕಾಯಿ ಮನೆಯಲ್ಲಿದ್ದೂ ಇಲ್ಲದಂತೆಯೇ.

ಜಗತ್ತಿನಲ್ಲಿ ಇಂದು ಇಂತಹ ಒಂದು ಮಹಾ ಉಗ್ರಾಣ ಉಂಟು. ಕಂಪ್ಯೂಟರನ್ನು ನಡೆಸುವ ತಂತ್ರಾಂಶಗಳಲ್ಲಿ ಕೆಲವನ್ನು ಹಣಕ್ಕೆ ಮಾರುತ್ತಾರೆ. ಮತ್ತೆ ಕೆಲವನ್ನು ಬರೆದವರು ಅದರ ಒಳಗುಟ್ಟನ್ನೂ ಬಿಚ್ಚಿಟ್ಟು, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು ಎಂದು ಲೋಕಕ್ಕೆ ಒಪ್ಪಿಸಿಬಿಡುತ್ತಾರೆ. ಇವೇ ಮುಕ್ತ ತಂತ್ರಾಂಶಗಳು. ಅಮೆರಿಕದ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ 1993ರಲ್ಲಿ ಇಂಥವನ್ನು ಒಂದೆಡೆ ಕೂಡಿಸಿಡುವ ಕೆಲಸವನ್ನು ಆರಂಭಿಸಿ, ಮುಂದೆ ತನ್ನ ಮಡದಿಯಾದ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಬೆಸೆದು ಅದಕ್ಕೆ 'ಡೆಬಿಯನ್' ಎಂದು ಕರೆದನು. ಸಂಬಳವಿಲ್ಲದ ಸ್ವಯಂಸೇವಕರು ನಾನಾ ದೇಶಗಳಿಂದ ಸೇರಿ ಅದನ್ನು ಬೆಳೆಸಿದರು. 2025ರ ಆಗಸ್ಟಿನಲ್ಲಿ ಹೊರಬಂದ ಅದರ 13ನೆಯ ಆವೃತ್ತಿಯಲ್ಲಿ 69,000ಕ್ಕೂ ಹೆಚ್ಚು ಕಟ್ಟುಗಳಿವೆ. ಲೆಕ್ಕಪತ್ರ, ಸಂಗೀತ, ಖಗೋಳ, ಚದುರಂಗ, ಮುದ್ರಣ ಎಂದು ಮನುಷ್ಯನ ಉದ್ಯೋಗಗಳಲ್ಲಿ ಅಲ್ಲಿ ಪ್ರತಿನಿಧಿಯಿಲ್ಲದುದು ವಿರಳ.

ಇಷ್ಟನ್ನು ಜೋಡಿಸಿಡುವ ಬಗೆ ಹೇಗೆ? ಮೊದಲಿಗೆ ಎಲ್ಲರಿಗೂ ಹೊಳೆಯುವ ಉಪಾಯವನ್ನೇ ಅವರೂ ಹಿಡಿದರು. ಆಟ, ಚಿತ್ರ, ಧ್ವನಿ, ಗಣಿತ, ಅಂಚೆ, ಆಡಳಿತ ಎಂದು ಖಾನೆಗಳನ್ನು ಮಾಡಿ, ಒಂದೊಂದು ಕಟ್ಟನ್ನು ಒಂದೊಂದು ಖಾನೆಯಲ್ಲಿ ಇಟ್ಟರು. ಕಟ್ಟುಗಳು ಕೆಲವು ನೂರು ಇದ್ದಾಗ ಇದು ಸಾಕಾಗಿತ್ತು. ಸಾವಿರಗಳು ತುಂಬಿದ ಮೇಲೆ ತೊಡಕು ಕಾಣಿಸಿತು. 'ಟಕ್ಸ್ ಪೇಂಟ್' ಎಂಬುದು ಮಕ್ಕಳು ಬಣ್ಣ ಬಳಿದು ಚಿತ್ರ ಬರೆಯುವ ತಂತ್ರಾಂಶ. ಅದು ಚಿತ್ರದ ಖಾನೆಗೆ ಸೇರಬೇಕೆ, ಆಟದ ಖಾನೆಗೆ ಸೇರಬೇಕೆ, ವಿದ್ಯಾಭ್ಯಾಸದ ಖಾನೆಗೆ ಸೇರಬೇಕೆ? ಮೂರೂ ನಿಜ, ಆದರೆ ಒಂದು ಕಟ್ಟಿಗೆ ಒಂದೇ ಖಾನೆ ಎಂಬ ನಿಯಮವಿದ್ದರೆ ಎರಡು ನಿಜಗಳನ್ನು ಮರೆಮಾಡಲೇಬೇಕು.

ಇದರಿಂದ ನಷ್ಟ ಯಾರಿಗೆ ಎಂಬುದಕ್ಕೆ ಕನ್ನಡದ ನಿದರ್ಶನವೇ ಸಾಕು. ಬನಶಂಕರಿಯ ಶಾಲೆಯೊಂದರ ಉಪಾಧ್ಯಾಯಿನಿ ತಮ್ಮ ಹಳೆಯ ಕಂಪ್ಯೂಟರಿನಲ್ಲಿ ಈ ಉಚಿತ ವ್ಯವಸ್ಥೆಯನ್ನು ಹಾಕಿಸಿಕೊಂಡು, ಕನ್ನಡದಲ್ಲಿ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಲು ಕುಳಿತರೆಂದು ಇಟ್ಟುಕೊಳ್ಳಿ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರುಗಳ ಕನ್ನಡ ಅಕ್ಷರಮಾದರಿಗಳು ಆ ಉಗ್ರಾಣದಲ್ಲಿಯೇ ಇವೆ. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕೀಲಿಮಣೆಯ ವಿನ್ಯಾಸವೂ ಅಲ್ಲಿದೆ. ಆದರೆ ಆ ವಿನ್ಯಾಸ ಕುಳಿತಿರುವ ಕಟ್ಟಿನ ಹೆಸರು 'ಎಂ17ಎನ್'! 'ಮಲ್ಟಿಲಿಂಗ್ವಲೈಜೇಷನ್' ಎಂಬ ಉದ್ದನೆಯ ಇಂಗ್ಲಿಷ್ ಪದದ ಮೊದಲಕ್ಷರ, ಕೊನೆಯಕ್ಷರ, ನಡುವಿನ 17 ಅಕ್ಷರಗಳ ಎಣಿಕೆ, ಇವಿಷ್ಟು ಸೇರಿ ಆದ ಹೆಸರು ಅದು. ಬಲ್ಲವರಿಗೆ ಅದು ಚಮತ್ಕಾರ, ಉಪಾಧ್ಯಾಯಿನಿಗೆ ಬೀಗ. ಗಂಟೆಗಟ್ಟಲೆ ತಡಕಾಡಿ, ಕನ್ನಡಕ್ಕೆ ಇಲ್ಲಿ ಎಡೆಯಿಲ್ಲವೆಂದು ತೀರ್ಮಾನಿಸಿ, ಅವರು ಪ್ರಶ್ನೆಪತ್ರಿಕೆಯನ್ನು ಕೈಯಲ್ಲಿಯೇ ಬರೆದರೆ ತಪ್ಪು ಅವರದೇ? ಯಾರೋ ಪುಣ್ಯಾತ್ಮರು ತಮ್ಮ ರಾತ್ರಿಗಳನ್ನು ವೆಚ್ಚ ಮಾಡಿ ಕೊಟ್ಟ ದಾನ, ಯಾರಿಗಾಗಿ ಕೊಟ್ಟರೋ ಅವರನ್ನು ತಲುಪದೆ ಅಲ್ಲಿಯೇ ಉಳಿಯಿತು.

ಈ ರೋಗಕ್ಕೆ ಮದ್ದನ್ನು ಕಂಡುಹಿಡಿದವರು ಕಂಪ್ಯೂಟರನ್ನು ಮುಟ್ಟಿದವರಲ್ಲ. ಅವರು ಪುಸ್ತಕ ಜೋಡಿಸುವವರು. ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಎಸ್. ಆರ್. ರಂಗನಾಥನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ನೇಮಕಗೊಂಡು, ಆ ವಿದ್ಯೆಯನ್ನು ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿನ ಗ್ರಂಥಾಲಯಗಳಲ್ಲಿದ್ದ ವರ್ಗೀಕರಣಗಳನ್ನು ನೋಡಿದಾಗ, ಸಿದ್ಧ ಖಾನೆಗಳೊಳಕ್ಕೆ ಪುಸ್ತಕವನ್ನು ತುರುಕುವ ಕ್ರಮ ಅವರ ಗಣಿತದ ಮನಸ್ಸಿಗೆ ಒಗ್ಗಲಿಲ್ಲ. ಒಂದು ದಿನ ಸೆಲ್ಫ್‌ರಿಜ್ ಎಂಬ ದೊಡ್ಡ ಅಂಗಡಿಯಲ್ಲಿ 'ಮೆಕ್ಯಾನೊ' ಎಂಬ ಆಟದ ಸಾಮಾನನ್ನು ಮಾರುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಅವೇ ಕೆಲವು ಲೋಹದ ಪಟ್ಟಿಗಳು, ಚಕ್ರಗಳು, ತಿರುಪುಗಳು. ಜೋಡಣೆ ಬದಲಾದಂತೆಲ್ಲ ಬೇರೊಂದು ಆಟಿಕೆ! ಪುಸ್ತಕದ ವಿಷಯವನ್ನೂ ಹೀಗೆಯೇ ಬಿಡಿಭಾಗಗಳಿಂದ ಕಟ್ಟಬಾರದೇಕೆ ಎಂದು ಅವರಿಗೆ ಹೊಳೆಯಿತು. ತಿರುಪಿನ ಜಾಗದಲ್ಲಿ ಅವರು ಬಳಸಿದ್ದು ದ್ವಿಬಿಂದುವೆಂಬ ವಿರಾಮಚಿಹ್ನೆ. 1933ರಲ್ಲಿ ಅಚ್ಚಾದ ಆ ಪದ್ಧತಿಗೆ 'ಕೋಲನ್ ವರ್ಗೀಕರಣ' ಎಂದೇ ಹೆಸರಾಯಿತು.

ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆಯನ್ನು ಕುರಿತು, ಭಾರತದಲ್ಲಿ, 1950ರ ಸುಮಾರಿಗೆ ನಡೆದ ಸಂಶೋಧನೆ ಎಂಬ ಪುಸ್ತಕ ಬಂದಿತೆನ್ನಿ. ಇದಕ್ಕೆಂದೇ ಮೊದಲೇ ಖಾನೆ ಮಾಡಿಡುವುದು ಯಾರಿಂದ ಸಾಧ್ಯ? ರಂಗನಾಥನ್ನರ ಕ್ರಮದಲ್ಲಿ ಅದರ ಅಗತ್ಯವೇ ಇಲ್ಲ. ಯಾವ ಅಂಗ, ಯಾವ ರೋಗ, ಯಾವ ಚಿಕಿತ್ಸೆ, ಯಾವ ದೇಶ, ಯಾವ ಕಾಲ ಎಂದು ಒಂದೊಂದು ಮುಖದಿಂದ ಪ್ರಶ್ನೆ ಕೇಳಿ, ಬಂದ ಉತ್ತರಗಳನ್ನು ಪೋಣಿಸಿದರೆ ಪುಸ್ತಕದ ವಿಳಾಸ ಸಿದ್ಧವಾಗುತ್ತದೆ. ಜಯನಗರದ ಮೈನು ಕ್ರಾಸುಗಳ ಕೂಟವನ್ನು ಬಲ್ಲವರಿಗೆ ಇದು ಹೊಸ ಮಾತೇನೂ ಅಲ್ಲ.

ಈ ರಂಗನಾಥನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಬೆಂಗಳೂರಿನಲ್ಲಿಯೇ. 1957ರಲ್ಲಿ ಇಲ್ಲಿಗೆ ಬಂದು ನೆಲೆಸಿ, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಕಟ್ಟಿದರು. 1965ರಲ್ಲಿ ಅವರಿಗೆ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರೆಂಬ ಗೌರವ ದೊರೆಯಿತು. 1972ರ ಸೆಪ್ಟೆಂಬರ್ 27ರಂದು ಇದೇ ಊರಿನಲ್ಲಿ ಅವರು ತೀರಿಕೊಂಡರು. ಬನಶಂಕರಿಯಿಂದ ಹೊರವರ್ತುಲ ರಸ್ತೆಯನ್ನು ಹಿಡಿದು, ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಗೆ ಸೇರಿ ಮುಂದೆ ಸಾಗಿದರೆ ಆ ಕೇಂದ್ರ ಇಂದಿಗೂ ಸಂಸ್ಥೆಯ ಆವರಣದಲ್ಲಿ ಕೆಲಸ ಮಾಡುತ್ತಿದೆ.

ಅವರು ಬಿತ್ತಿದ ಬೀಜ ಎಲ್ಲೆಲ್ಲಿಯೋ ಮೊಳೆಯಿತು. ರೂಬೆನ್ ಪ್ರಿಯೆತೊ-ದಿಯಾಸ್, ಪೀಟರ್ ಫ್ರೀಮನ್ ಎಂಬಿಬ್ಬರು ವಿದ್ವಾಂಸರು 1987ರಲ್ಲಿ ತಂತ್ರಾಂಶದ ಬಿಡಿಭಾಗಗಳನ್ನು 6 ಮುಖಗಳಿಂದ ಗುರುತಿಸಿಡುವ ಕ್ರಮವನ್ನು ಪ್ರಕಟಿಸಿದರು. ಇನ್ನು ಡೆಬಿಯನ್ ಉಗ್ರಾಣದಲ್ಲಿ, ಈ ಶತಮಾನದ ಮೊದಲ ವರ್ಷಗಳಲ್ಲಿ, ಇಟಲಿಯ ಎನ್ರಿಕೊ ಜೀನಿ 'ಡೆಬ್‌ಟ್ಯಾಗ್ಸ್' ಎಂಬ ಯೋಜನೆಯನ್ನು ಆರಂಭಿಸಿ, ಭಾರತದ ಈ ಗ್ರಂಥಪಾಲರ ಋಣವನ್ನು ತೆರೆದ ಮನಸ್ಸಿನಿಂದ ಸ್ಮರಿಸಿದರು. ಅಲ್ಲಿ ಒಂದು ಕಟ್ಟಿಗೆ ಎಷ್ಟು ಪಟ್ಟಿಗಳನ್ನಾದರೂ ಅಂಟಿಸಬಹುದು. ಇದರ ಪಾತ್ರವೇನು, ಉಪಯೋಗವೇನು, ಚಿತ್ರದೊಡನೆ ವ್ಯವಹರಿಸುತ್ತದೆಯೋ ಧ್ವನಿಯೊಡನೆಯೋ, ಕಿಟಕಿ ತೆರೆದು ತೋರುತ್ತದೆಯೋ ಬರಿಯ ಆಜ್ಞೆಗೆ ಓಗೊಡುತ್ತದೆಯೋ, ಯಾವ ನಾಡಿನ ಭಾಷೆಗೆ ಸಲ್ಲುತ್ತದೆ, ಇವೆಲ್ಲ ಅದರ ಮುಖಗಳು. ಚಿತ್ರ, ಮಕ್ಕಳು, ಕಲಿಕೆ ಎಂಬ ಮೂರನ್ನೂ ಒಟ್ಟಿಗೆ ಕೇಳಿದವನಿಗೆ ಟಕ್ಸ್ ಪೇಂಟು ತಾನಾಗಿಯೇ ಮುಂದೆ ಬಂದು ನಿಲ್ಲಬೇಕು ಎಂಬುದು ಇದರ ಧ್ಯೇಯ.

ಹುಡುಕುವ ಯಂತ್ರಗಳಿರುವಾಗ ಈ ಶ್ರಮವೇಕೆ ಎಂದು ಕೇಳುವವರುಂಟು. ಹುಡುಕುವ ಯಂತ್ರ ಕೇಳಿದ ಪದಕ್ಕೆ ಉತ್ತರ ಕೊಡುತ್ತದೆ. ಕೇಳಬೇಕಾದ ಪದವೇ ತಿಳಿಯದವನು ಏನನ್ನು ಕೇಳಬೇಕು? ವ್ಯವಸ್ಥಿತವಾಗಿ ಜೋಡಿಸಿದ ಕಪಾಟಿನ ಮುಂದೆ ನಿಂತವನಿಗಾದರೋ, ತಾನು ಹುಡುಕಿದ್ದರ ಪಕ್ಕದಲ್ಲಿ ತನಗೆ ತಿಳಿಯದೆ ಇದ್ದುದೂ ಕಾಣುತ್ತದೆ. ಓದುಗನಿಗೆ ಅವನ ಪುಸ್ತಕ ಸಿಗಬೇಕು, ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂದು ರಂಗನಾಥನ್ನರು ಬಯಸಿದ್ದು ಇದಕ್ಕಾಗಿಯೇ.

ಪಟ್ಟಿ ಅಂಟಿಸುವುದೂ ಸುಲಭವಲ್ಲ. ತಂತ್ರಾಂಶವನ್ನು ಬರೆದವನು ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬರೆಯುತ್ತಾನೆ. ಬಳಸುವವನಿಗೆ ಬೇಕಾದುದು ತನ್ನ ಯಾವ ಕೆಲಸ ಅದರಿಂದ ಆಗುತ್ತದೆ ಎಂಬುದು. ಒಬ್ಬರು 'ಸಂಪಾದನೆ' ಎಂದುದನ್ನು ಇನ್ನೊಬ್ಬರು 'ತಿದ್ದುವಿಕೆ' ಎಂದರೆ ಎರಡು ಗುಂಪುಗಳಾಗುತ್ತವೆ. ಆಸೆಯಿಂದ ಇಪ್ಪತ್ತು ಪಟ್ಟಿಗಳನ್ನು ಅಂಟಿಸಿದರೆ ಡಬ್ಬವೇ ಕಾಣದಾಗುತ್ತದೆ. ಹೊಸ ಕಟ್ಟುಗಳು ಬರುತ್ತಲೇ ಇರುತ್ತವೆ, ಪಟ್ಟಿ ಅಂಟಿಸುವ ಕೈಗಳು ಮಾತ್ರ ಬೆರಳೆಣಿಕೆಯಷ್ಟು. ತಂತ್ರಾಂಶ ಬರೆದವನಿಗೆ ಸಲ್ಲುವ ಕೀರ್ತಿ ಅದನ್ನು ಅಚ್ಚುಕಟ್ಟಾಗಿ ಜೋಡಿಸಿದವನಿಗೆ ಸಲ್ಲುವುದಿಲ್ಲ. ಅಡುಗೆಯನ್ನು ಹೊಗಳುವ ಅತಿಥಿ ಉಗ್ರಾಣವನ್ನು ಹೊಗಳುವುದುಂಟೆ?

ಆದರೂ ಇದು ಕನ್ನಡಿಗರ ಕೈಗೆಟುಕದ ಕೆಲಸವಲ್ಲ. ಇದಕ್ಕೆ ತಂತ್ರಾಂಶ ಬರೆಯುವ ವಿದ್ಯೆ ಬೇಕಿಲ್ಲ. ಕಟ್ಟುಗಳ ವಿವರಣೆಯನ್ನು ಬೇರೆ ಬೇರೆ ಭಾಷೆಗಳಿಗೆ ತಿರುಗಿಸುವ ಏರ್ಪಾಡು ಡೆಬಿಯನ್ನಿನಲ್ಲಿಯೇ ಉಂಟು. 'ಎಂ17ಎನ್' ಎಂಬ ಬೀಗದ ಪಕ್ಕದಲ್ಲಿ 'ಇದರಿಂದ ಕನ್ನಡದಲ್ಲಿ ಬರೆಯಬಹುದು' ಎಂಬ ಒಂದು ಸಾಲು ಕನ್ನಡದಲ್ಲಿದ್ದರೆ, ಉಪಾಧ್ಯಾಯಿನಿಯ ಒಂದು ಸಂಜೆ ಉಳಿಯುತ್ತಿತ್ತು. ನಿವೃತ್ತ ಗ್ರಂಥಪಾಲರೂ, ಕಾಲೇಜಿನ ವಿದ್ಯಾರ್ಥಿಗಳೂ, ಭಾಷೆಯನ್ನು ಬಲ್ಲ ಗೃಹಿಣಿಯರೂ ಮಾಡಬಹುದಾದ ಸೇವೆ ಇದು.

ರಂಗನಾಥನ್ನರ ಪದ್ಧತಿಯಲ್ಲಿ ಒಂದು ಸಣ್ಣ ಜಾಣತನವಿದೆ. 1ರಿಂದ 8ರವರೆಗಿನ ಅಂಕಿಗಳನ್ನು ವಿಷಯಗಳಿಗೆ ಕೊಟ್ಟು, 9ನ್ನು ಯಾರಿಗೂ ಕೊಡದೆ, ಮುಂದೆ ಬರುವವರಿಗೆ ಬಾಗಿಲಾಗಿ ತೆರೆದಿಟ್ಟರು. ಜಯನಗರವೂ ಇದನ್ನು ಬಲ್ಲದು. 4ನೆಯ ಬ್ಲಾಕಿನ ಮಗ್ಗುಲಲ್ಲಿ 4ನೆಯ 'ಟಿ' ಬ್ಲಾಕು ಎದ್ದಿತು, ಆದರೂ ಹಳೆಯ ಮನೆಗಳ ವಿಳಾಸ ಕೆಡಲಿಲ್ಲ. ಬೆಳೆಯುವ ಮನೆಗೆ ಬೇಕಾದುದು ಇಷ್ಟೇ: ಇಂದು ಬಂದ ಸಾಮಾನಿಗೆ ಒಂದು ಪಟ್ಟಿ, ನಾಳೆ ಬರುವುದಕ್ಕೆ ಒಂದಿಷ್ಟು ಎಡೆ. ಆಗ ಅಜ್ಜಿ ನೆಮ್ಮದಿಯಿಂದ ಊರಿಗೆ ಹೋಗಿ ಬರಬಹುದು.